ಸಮವಸ್ತ್ರದ ಪ್ಯಾಂಟು

ನಮ್ಮ ಬೀದಿಯಲ್ಲಿ ಬೆಳೆದ ಸೈನಿಕನೊಬ್ಬ ಗಡಿಯಲ್ಲಿ ತೀರಿಕೊಂಡ ಸುದ್ದಿ ತಿಳಿದ ದಿನ ನಾನು ದರ್ಜಿಯ ಅಂಗಡಿಯಲ್ಲಿ ಕುಳಿತಿದ್ದೆ. ಅವನ ತಂದೆ ಸೊಸೆಯೊಡನೆ ಬಂದರು. ತಂದೆಯೂ ಒಂದು ಕಾಲದಲ್ಲಿ ಸೈನಿಕರೇ. ರಜೆಯಲ್ಲಿ ಬಂದಿದ್ದಾಗ ಮಗ ಬಿಗಿ ಮಾಡಲು ಕೊಟ್ಟುಹೋಗಿದ್ದ ಸಮವಸ್ತ್ರದ ಪ್ಯಾಂಟು, ಹೊಲಿಗೆ ಬಿಚ್ಚಿಸಿಕೊಂಡು ಮೇಜಿನ ಮೇಲಿತ್ತು.

“ಮೊದಲಿದ್ದ ಹಾಗೇ ಅಗಲವಾಗಿ ಹೊಲಿಯಪ್ಪ. ನಾಳೆ ಅವನಿಗೆ ತೊಡಿಸಬೇಕು.”

“ಬೇಡಣ್ಣ, ಬಿಗಿ ಮಾಡಿ. ಅವರು ಹೇಳಿಹೋಗಿದ್ದೇ ಹಾಗೆ.”

“ಸುಮ್ನಿರಮ್ಮ. ಕೋಲಿಗೆ ಬಟ್ಟೆ ಸುತ್ತಿದ ಹಾಗಿರುತ್ತೆ. ಸೈನ್ಯ ಅಂದ್ರೆ ಫ್ಯಾಷನ್ನಾ?”

“ಇದಕ್ಕೇ ತಾನೇ ಮಾವ, ಅವರು ಹೊರಡೋ ದಿನ ನೀವು ಮಾತಾಡದೆ ಇದ್ದಿದ್ದು?”

ದರ್ಜಿ ಕತ್ತರಿಯನ್ನು ಕೆಳಗಿಟ್ಟ. ಸೊಸೆ ಮಾತು ಮುಂದುವರಿಸಿದಳು.

“ಮನೆ ಗೋಡೆ ಮೇಲಿರೋ ನಿಮ್ಮ ಫೋಟೋ ನೋಡಿ. ಸಮವಸ್ತ್ರಕ್ಕೂ ಬೆಲ್‌ಬಾಟಮ್ಮು! ಬೀದಿ ಗುಡಿಸೋಕೆ ಪೊರಕೆನೇ ಬೇಡ ಅಂತ ಅತ್ತೆ ಈಗಲೂ ನಗ್ತಾರೆ.”

“ಅದು ಆ ಕಾಲ.”

“ಇದು ಅವರ ಕಾಲ, ಮಾವ. ಅವರಿಗೆ ಇನ್ನೊಂದು ಕಾಲ ಬರಲ್ಲ.”

ಹಿರಿಯರು ಬಟ್ಟೆಯನ್ನು ಅಂಗೈಯಿಂದ ಸವರಿ ದರ್ಜಿಯ ಕಡೆಗೆ ಸರಿಸಿದರು.

“ಅವನು ಹೇಳಿದ ಹಾಗೇ ಹೊಲಿ. ಇಸ್ತ್ರಿ ನಾನೇ ಮಾಡ್ತೀನಿ.”

ಸೊಸೆ ಅವರ ಕೈ ಹಿಡಿದು ಮೆಟ್ಟಿಲು ಇಳಿಸಿದಳು. ದೇವರೇ, ನಮ್ಮ ಬೀದಿಯ ಆ ಹುಡುಗನನ್ನು ನಿನ್ನ ಪಾದದ ನೆರಳಿನಲ್ಲಿ ಶಾಂತವಾಗಿ ಮಲಗಿಸು.