ಚಂದ್ರನ ಮೇಲೆ ಅಂಬಾಬಾಯಿಯ ಕಸಬರಿಗೆ

ಸಭೆಯ ಅಧ್ಯಕ್ಷರೂ ಇವತ್ತಿನ ಊಟದ ಯಜಮಾನರೂ ಆದ ಶ್ರೀ ರಘುರಾಮ ಶೆಟ್ಟರೇ. ಲೋಣಾವಳಾ ಘಾಟಿನ ಮಳೆಯಲ್ಲಿ ಎರಡು ತಾಸು ಸಿಕ್ಕಿಕೊಂಡರೂ ಹಿಂದಿರುಗದೆ ಬಂದು ತಲುಪಿದ ಮುಖ್ಯ ಅತಿಥಿ, ಹಿರಿಯ ನ್ಯಾಯವಾದಿ ಶ್ರೀಮತಿ ಪಂಕಜಾಕ್ಷಿ ಅವರೇ. ಪುಣೆಯ ಗುಲ್ಟೇಕಡಿ ಕನ್ನಡ ಬಳಗದ ಪದಾಧಿಕಾರಿಗಳೇ. ಸನ್ಮಾನಕ್ಕೆ ಕುಳಿತಿರುವ, ನನ್ನ ಮಗಳೂ ಆದ ಕುಮಾರಿ ನೀತಾ ಅವರೇ. ಒಳಗಿನಿಂದ ಸಾರಿನ ವಾಸನೆ ಬರುತ್ತಿದ್ದರೂ ಜಾಗ ಬಿಡದೆ ಕುಳಿತಿರುವ ಸಹನಶೀಲ ಸಭಿಕರೇ, ಎಲ್ಲರಿಗೂ ಶರಣು.

ಸನ್ಮಾನಿತರ ತಂದೆಯಾಗಿ ಎರಡು ಮಾತಾಡಿ, ಐದು ನಿಮಿಷ ಸಾಕು ಎಂದು ಶೆಟ್ಟರು ಹೇಳಿದ್ದಾರೆ. ಐದು ನಿಮಿಷದಲ್ಲಿ ಅವರ ಹೋಟೆಲಿನಲ್ಲಿ ದೋಸೆಯೂ ಬರುವುದಿಲ್ಲ. ಆದ್ದರಿಂದ ನಾನು ಸ್ವಲ್ಪ ಹೆಚ್ಚೇ ತೆಗೆದುಕೊಳ್ಳುತ್ತೇನೆ. ಅದಕ್ಕೆ ಕಾರಣವೂ ಇದೆ. ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ ಇರುವುದನ್ನು ನೀವು ನೋಡಿದ್ದೀರಿ. ಯಾವ ಶಾಸಕರು ಬರುತ್ತಾರೆ ಎಂದು ಬಾಗಿಲಲ್ಲಿ ನಾಲ್ಕು ಜನ ಕೇಳಿದರು. ಶಾಸಕರು ಯಾರೂ ಬರುವುದಿಲ್ಲ. ಆ ಕುರ್ಚಿ ಕಲ್ಲವ್ವ ಎಂಬವರದು. ವಯಸ್ಸು ಎಂಬತ್ತೆರಡು. ಭೋರ್‌ನಿಂದ ಎಸ್.ಟಿ. ಬಸ್ಸಿನಲ್ಲಿ ಬರಬೇಕು. ಅವರು ಯಾರು ಎಂಬುದನ್ನು ಹೇಳುವುದಕ್ಕೇ ನಾನು ಎದ್ದು ನಿಂತಿದ್ದೇನೆ.

ಮೊದಲು ಮಗಳ ವಿಷಯ. ನೀತಾ ವಕೀಲೆ. ಎಂಥ ವಕೀಲೆ? ಸಿವಿಲ್ ಅಲ್ಲ, ಕ್ರಿಮಿನಲ್ ಅಲ್ಲ, ಆಕಾಶದ ವಕೀಲೆ! ಈ ಮಾತನ್ನು ಮೊದಲ ಸಲ ಮಾರ್ಕೆಟ್ ಯಾರ್ಡಿನಲ್ಲಿ ಹೇಳಿದಾಗ ಪಕ್ಕದ ಅಂಗಡಿಯವರು, “ಮಗ ಕೋರ್ಟ ಕುಠೆ ಆಹೆ, ವರ ಕಾ?” ಎಂದರು. ಹಾಗಾದರೆ ಕೋರ್ಟು ಎಲ್ಲಿದೆ, ಮೇಲೇನಾ ಅಂತ. ನಾನೂ ನಕ್ಕೆ. ಈಗ ನಗು ಬರುವುದಿಲ್ಲ. ಬರುವ ಮಂಗಳವಾರ ನೀತಾ ವಿಯೆನ್ನಾಕ್ಕೆ ಹೋಗುತ್ತಾಳೆ. ಚಂದ್ರನ ಮೇಲಿನ, ಕ್ಷುದ್ರಗ್ರಹಗಳ ಮೇಲಿನ ಸಂಪತ್ತನ್ನು ಯಾರು ಅಗೆಯಬಹುದು, ಅಗೆದದ್ದು ಯಾರದು ಎಂದು ದೇಶದೇಶಗಳವರು ಅಲ್ಲಿ ಕೂತು ಚರ್ಚಿಸುತ್ತಾರೆ. ಒಂದು ವಿದೇಶಿ ಕಂಪನಿಯ ಪರವಾಗಿ ನನ್ನ ಮಗಳು ಅಲ್ಲಿ ಪ್ರಬಂಧ ಓದುತ್ತಾಳೆ. ಅದಕ್ಕೇ ಈ ಶಾಲು, ಈ ಹಾರ.

ಆ ಪ್ರಬಂಧದ ನಾಲ್ಕು ಸಾಲನ್ನು ಬಳಗದವರು ಕನ್ನಡಕ್ಕೆ ಮಾಡಿ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಎಲ್ಲರ ಕೈಯಲ್ಲೂ ಇದೆ. ಕೆಲವರು ಅದರಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದೀರಿ. ದಯವಿಟ್ಟು ಓದಿ. “ಪುಣೆಯ ಧಾನ್ಯಪೇಟೆಯಲ್ಲಿ ನನ್ನ ಅಜ್ಜಿ ಅಂಬಾಬಾಯಿ, ಲಾರಿಯಿಂದ ನೆಲಕ್ಕೆ ಉದುರಿದ ಕಾಳನ್ನು ಗುಡಿಸಿಕೊಳ್ಳುತ್ತಿದ್ದರು. ನೆಲ ಅವರದಾಗಿರಲಿಲ್ಲ. ಕಾಳು ಅವರದಾಯಿತು. ಯಾರೂ ಅವರನ್ನು ಕಳ್ಳಿ ಎನ್ನಲಿಲ್ಲ. ಚಂದ್ರನ ಮೇಲಿನ ನ್ಯಾಯವೂ ಇಷ್ಟೇ.”

ಚಪ್ಪಾಳೆ ತಟ್ಟಬೇಡಿ. ಕಳೆದ ಭಾನುವಾರ ಇದನ್ನು ಓದಿದಾಗಿನಿಂದ ನನಗೆ ಅನ್ನ ರುಚಿಸಿಲ್ಲ. ನನ್ನ ಅವ್ವನನ್ನು ಚಂದ್ರನ ಮೇಲೆ ಕರೆದುಕೊಂಡು ಹೋಗಿ ಕಂಪನಿಯ ಕೂಲಿಗೆ ನಿಲ್ಲಿಸಿದ್ದಾರಲ್ಲ! ಯಾರನ್ನು ಕೇಳಿ ನಿಲ್ಲಿಸಿದರು?

ಇದರಲ್ಲಿ ಕಾನೂನು ಏನಿದೆ ಎಂದು ನಿಮಗೆ ಗೊತ್ತಾಗಬೇಕು. ನನಗೂ ಗೊತ್ತಿರಲಿಲ್ಲ, ಮಗಳ ಪುಸ್ತಕ ಓದಿ ತಿಳಿದುಕೊಂಡೆ. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ದೇಶಗಳೆಲ್ಲ ಕೂಡಿ ಒಂದು ಒಪ್ಪಂದ ಮಾಡಿಕೊಂಡವು: ಚಂದ್ರ ನನ್ನದು ಎಂದು ಯಾವ ದೇಶವೂ ಹೇಳುವಂತಿಲ್ಲ. ಒಳ್ಳೆಯ ಮಾತು. ಎಪ್ಪತ್ತೊಂಬತ್ತರಲ್ಲಿ ಇನ್ನೊಂದು ಒಪ್ಪಂದವಾಯಿತು: ಅಲ್ಲಿನ ಸಂಪತ್ತು ಇಡೀ ಮನುಕುಲದ ಆಸ್ತಿ, ಹೋಗಲಾರದವರಿಗೂ ಅದರಲ್ಲಿ ಪಾಲು ಇದೆ. ಇದು ಇನ್ನೂ ಒಳ್ಳೆಯ ಮಾತು. ಅದಕ್ಕೇ ದೊಡ್ಡವರು ಯಾರೂ ಅದರ ಹತ್ತಿರ ಸುಳಿಯಲಿಲ್ಲ. ನಮ್ಮ ದೇಶ ಸಹಿ ಹಾಕಿತು, ಅನುಮೋದನೆ ಮಾತ್ರ ಇವತ್ತಿಗೂ ಕೊಟ್ಟಿಲ್ಲ. ಆಮೇಲೆ ಎರಡು ಸಾವಿರದ ಹದಿನೈದರಲ್ಲಿ ಅಮೆರಿಕ ತನ್ನ ಮನೆಯೊಳಗೇ ಒಂದು ಕಾನೂನು ಮಾಡಿಕೊಂಡಿತು: ನೆಲ ನಮ್ಮದಲ್ಲ, ಆದರೆ ನಮ್ಮವರು ಅಗೆದು ತೆಗೆದದ್ದು ನಮ್ಮವರದು. ಅದರ ಹಿಂದೆಯೇ ಲಕ್ಸೆಂಬರ್ಗ್ ಎದ್ದಿತು. ಪುಣೆ ಜಿಲ್ಲೆಯೊಳಗೆ ಆರು ಸಲ ಹಿಡಿಸುವಷ್ಟು ದೇಶ ಅದು! ಆಮೇಲೆ ಅರಬರು, ಜಪಾನಿನವರು. ಸೀತಾಫಲದ ಗಿಡ ನನ್ನದಲ್ಲ, ಹಣ್ಣು ಮಾತ್ರ ಎಲ್ಲಾ ನಂದು ಅಂದರೆ ಏನ್ರೀ ಅರ್ಥ? ಗಿಡ ಇಟ್ಟುಕೊಂಡು ಉಳಿದವರು ಪೂಜೆ ಮಾಡಬೇಕೇನು?

ಆಕಾಶ ದೊಡ್ಡದು, ಎಲ್ಲರಿಗೂ ಸಾಲುತ್ತದೆ ಎನ್ನುತ್ತಾರೆ. ನಲವತ್ತು ವರ್ಷ ಜೋಳ, ಕಡಲೆ ಮಾರಿದವನು ನಾನು. ಪೇಟೆ ಎಷ್ಟು ದೊಡ್ಡದಾದರೂ ಲಾರಿ ಹಿಡಿಸುವ ಮೂಲೆ ನಾಲ್ಕೇ ಇರುತ್ತವೆ. ಚಂದ್ರನ ಮೇಲೂ ನೀರಿನ ಮಂಜುಗಡ್ಡೆ ಇರುವುದು ಧ್ರುವಗಳ ಹತ್ತಿರ, ಬಿಸಿಲೇ ಕಾಣದ ಕೆಲವು ಗುಂಡಿಗಳಲ್ಲಿ. ನೀರಿದ್ದರೆ ಉಸಿರು ಇದೆ, ರಾಕೆಟ್ಟಿಗೆ ಇಂಧನ ಇದೆ. ಗುಂಡಿ ಹಿಡಿದವನು ಚಂದ್ರನನ್ನು ಹಿಡಿದ ಹಾಗೆ. ಮೊದಲು ಹೋದವನು ಗುಂಡಿಯ ಸುತ್ತ “ಸುರಕ್ಷತಾ ವಲಯ” ಎಂದು ಗೆರೆ ಎಳೆದುಕೊಳ್ಳಬಹುದಂತೆ. ಅಮೆರಿಕದವರು ಬರೆದ ಹೊಸ ಒಡಂಬಡಿಕೆಯಲ್ಲಿ ಅದಕ್ಕೂ ಜಾಗ ಇದೆ, ಇಪ್ಪತ್ತಮೂರರಲ್ಲಿ ನಾವೂ ಅದಕ್ಕೆ ಸಹಿ ಹಾಕಿದ್ದೇವೆ. ಅದೇ ವರ್ಷ ನಮ್ಮ ಚಂದ್ರಯಾನ ಇಳಿದ ಸಂಜೆ ಇದೇ ಸಭಾಂಗಣದಲ್ಲಿ ಪೇಡೆ ಹಂಚಿದೆವು. ನಾನು ಕುಣಿದೆ, ಇಲ್ಲ ಎನ್ನುವುದಿಲ್ಲ. ಆದರೆ ಸುರಕ್ಷತೆ! ಈ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳುತ್ತೇನೆ.

ನನ್ನ ಅವ್ವ ಅಂಬಾಬಾಯಿ ಇಂಡಿ ಕಡೆಯಿಂದ ಪುಣೆಗೆ ಬಂದವಳು. ಆಗ ಧಾನ್ಯಪೇಟೆ ಇನ್ನೂ ನಾನಾ ಪೇಟೆ, ಭವಾನಿ ಪೇಟೆಯ ಕಡೆ ಇತ್ತು, ಗುಲ್ಟೇಕಡಿಯ ಈ ಮಾರ್ಕೆಟ್ ಯಾರ್ಡಿಗೆ ಬಂದದ್ದು ಆಮೇಲೆ. ಹಮಾಲರು ಕೊಕ್ಕೆ ಹಾಕಿ ಚೀಲ ಎತ್ತುತ್ತಿದ್ದರು, ಕೊಕ್ಕೆ ಚುಚ್ಚಿದಲ್ಲಿ ಕಾಳು ಸೋರುತ್ತಿತ್ತು. ಹಾಗೆ ಸೋರಿದ್ದನ್ನು ಗುಡಿಸಿಕೊಳ್ಳುವ ಹೆಂಗಸರು ನಮ್ಮ ಓಣಿಯಲ್ಲಿ ಐದು ಜನ. ಕೈಯಲ್ಲಿ ಕಸಬರಿಗೆ, ಮೊರ, ಸಾಣಿಗೆ. ಅವರಲ್ಲಿ ಅವ್ವ ಹಿರಿಯಳು, ಕಲ್ಲವ್ವ ಎಲ್ಲರಿಗಿಂತ ಕಿರಿಯಳು. ಆ ಖಾಲಿ ಕುರ್ಚಿಯ ಕಲ್ಲವ್ವ.

ನನ್ನ ಮಗಳು ಬರೆದದ್ದು ಇಲ್ಲಿಯ ತನಕ ಖರೆ. ಇದರ ಮುಂದಿನದನ್ನು ಅವಳು ಬರೆದಿಲ್ಲ. ಆ ಐದು ಜನಕ್ಕೆ ಒಂದು ಕಟ್ಟಳೆ ಇತ್ತು. ಲಾರಿ ಖಾಲಿಯಾಗಿ ಹೋದರೂ, ಮುಂದೆ ಮೊಳದುದ್ದ ಜೋಳ ಬಿದ್ದಿದ್ದರೂ, ಐದೂ ಜನ ಬರುವ ತನಕ ಯಾರೂ ಕಸಬರಿಗೆ ನೆಲಕ್ಕೆ ಊರುವಂತಿರಲಿಲ್ಲ. ಮೊದಲು ಬಂದವಳು ನಿಂತಿರಬೇಕು. ಗೂಳಿ ಬಂದರೆ ಓಡಿಸುತ್ತಾ ನಿಂತಿರಬೇಕು! ಕಲ್ಲವ್ವ ಬಾಣಂತಿಯಾದಾಗ ಮೂರು ವಾರ ಅವಳ ಪಾಲನ್ನು ಉಳಿದ ನಾಲ್ವರು ಗುಡಿಸಿ, ಬೇರೆ ಗುಡ್ಡೆ ಮಾಡಿ, ಮೇಲೆ ಗೋಣಿ ಮುಚ್ಚಿ, ಸಂಜೆ ಅವಳ ಮನೆಗೆ ಮುಟ್ಟಿಸುತ್ತಿದ್ದರು. ಹೊಸದಾಗಿ ಬಂದ ಒಬ್ಬಾಕೆ ಗೊಣಗಿದಳು, “ಬರದವರಿಗೆ ಯಾಕ ಪಾಲ?” ಅವ್ವ ಅಂದದ್ದು ನನಗೆ ಇನ್ನೂ ಕಿವಿಯಲ್ಲಿದೆ. “ಬರ್ಲಿಕ್ಕೆ ಆಗಿಲ್ಲವಾ ಆಕಿಗೆ. ಬಿದ್ದ ಕಾಳಿಗೆ ಎಲ್ಲಾರೂ ಸಮ. ನಾ ಮೊದಲ ಬಂದೆ ಅಂತ ನನ್ನ ಹೊಟ್ಟಿ ಏನ್ ದೊಡ್ಡದಾಗಿರ್ತದೇನ?”

ಪಂಕಜಾಕ್ಷಿ ಅವರೇ, ನೀವು ಕಾನೂನು ಓದಿದವರು. ಎಪ್ಪತ್ತೊಂಬತ್ತರ ಒಪ್ಪಂದದಲ್ಲಿ ಇದಕ್ಕಿಂತ ಹೆಚ್ಚಿಗೆ ಏನಾದರೂ ಇದೆಯೇ? ಅಕ್ಷರ ಬಾರದ ನನ್ನ ಅವ್ವ ಅದನ್ನು ಪೇಟೆಯ ಧೂಳಿನಲ್ಲಿ ನಿಂತು ನಡೆಸುತ್ತಿದ್ದಳು. ಅಂಥವಳ ಹೆಸರು ಹೇಳಿ, ಮೊದಲು ಬಂದವನೇ ಎಲ್ಲ ಬಾಚಿಕೊಳ್ಳಲಿ ಎಂದು ವಾದಿಸುವುದೆಂದರೆ!

ಇರಲಿ. ನೀರು ಕುಡಿಯುತ್ತೇನೆ.

ಬಸ್ಸು ಇನ್ನೂ ಬಂದಂತಿಲ್ಲ. ಮುಂದಿನದನ್ನು ಹೇಳುತ್ತೇನೆ. ನಾನು ಗುಮಾಸ್ತನಾದೆ, ಆಮೇಲೆ ಮಾರ್ಕೆಟ್ ಯಾರ್ಡಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಅವ್ವ ಕಸಬರಿಗೆ ಬಿಟ್ಟಳು, ಕಲ್ಲವ್ವ ಮತ್ತು ಇನ್ನು ಕೆಲವರು ಮುಂದುವರಿಸಿದರು. ತೊಂಬತ್ತಾರರಲ್ಲಿ ನಮ್ಮ ಓಣಿಯ ಹದಿನಾರು ಅಂಗಡಿಗಳವರು ಕೂಡಿ ಒಂದು ನಿರ್ಧಾರ ಮಾಡಿದರು. ಲಾರಿ ನಿಲ್ಲುವ ಜಾಗಕ್ಕೆ ಹಗ್ಗ ಕಟ್ಟಬೇಕು, ಹೆಂಗಸರು ಒಳಗೆ ಬರಬಾರದು, ಗುಡಿಸುವುದನ್ನು ಒಬ್ಬರಿಗೇ ಗುತ್ತಿಗೆ ಕೊಡಬೇಕು. ಕಾರಣ ಏನು ಕೊಟ್ಟರು ಗೊತ್ತೇ? ಸುರಕ್ಷತೆ! ಲಾರಿ ಹಿಂದೆ ಬರುವಾಗ ಯಾರಿಗಾದರೂ ಏಟಾದರೆ? ಅಲ್ಲಿಯ ತನಕ ಲಾರಿಯ ಗಾಲಿಗೆ ಸಿಕ್ಕಿದ್ದು ಒಂದು ಸಾಣಿಗೆ, ಅಷ್ಟೇ. ಒಂದು ಸಾಣಿಗೆಯ ಸುರಕ್ಷತೆಗಾಗಿ ಅಷ್ಟೂ ಹೆಂಗಸರ ಸಂಸಾರದ ಕಾಳು ಹೋಯಿತು. ಮರಾಠಿಯಲ್ಲಿ ಹಲಗೆ ಬರೆಸಿದರು, “ಆತ ಯೇಊ ನಯೇ”, ಒಳಗೆ ಬರಬಾರದು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಮೊದಲ ದಿನವೇ ಏಳು ಚೀಲ ಕಾಳು ನಮ್ಮ ಗೋದಾಮಿಗೆ ಬಂತು, ಅಂದರೆ, ಗುತ್ತಿಗೆದಾರನ ಗೋದಾಮಿಗೆ.

ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಸಾಕು ಎಂದು ಕೈ ಮಾಡುತ್ತಿದ್ದಾಳೆ. ಸಾಕಾಗಿಲ್ಲ. ಬಾಯಿ ತಪ್ಪಿ ಬಂದದ್ದೇ ಖರೆ. ನಮ್ಮ ಗೋದಾಮು. ಗುತ್ತಿಗೆ ನನ್ನ ಭಾವಮೈದುನನ ಹೆಸರಿನಲ್ಲಿತ್ತು, ಗುಡಿಸುವ ಆಳುಗಳು ನನ್ನವರು. ನಿರ್ಧಾರ “ಮಾಡಿದರು” ಎಂದೆನಲ್ಲ, ಮಾಡಿಸಿದವನು ನಾನು. ಸುರಕ್ಷತೆ ಎಂಬ ಮಾತು ಸಭೆಯಲ್ಲಿ ಮೊದಲು ಬಂದದ್ದು ನನ್ನ ಬಾಯಿಂದ. ಆ ಹಲಗೆಯ ಅಕ್ಷರ ದೊಡ್ಡದಾಗಿರಲಿ ಎಂದವನೂ ನಾನೇ. ಹೊರಗೆ ನಿಂತವಳ ಮಗ ಒಳಗೆ ಬಂದ ಮೇಲೆ ಹಗ್ಗವನ್ನು ಎಷ್ಟು ಬಿಗಿಯಾಗಿ ಕಟ್ಟುತ್ತಾನೆ ನೋಡಿ! ಅಮೆರಿಕದವರನ್ನು ಬೈಯಲು ನನಗೇನು ಮುಖ ಇದೆ ಸ್ವಾಮಿ?

ಹಗ್ಗ ಕಟ್ಟಿದ ದಿನ ಮಧ್ಯಾಹ್ನ ಅವ್ವ ಮನೆಯಿಂದ ಹಳೆಯ ಕಸಬರಿಗೆ ತೆಗೆದುಕೊಂಡು ಪೇಟೆಗೆ ಬಂದಳು. ಹಗ್ಗದ ಹೊರಗೆ ಉಳಿದ ಹೆಂಗಸರ ಜೊತೆ ನಿಂತಳು. ನನ್ನ ಗಿರಾಕಿಗಳು, ಹಮಾಲರು, ಎಲ್ಲರೂ ನೋಡುತ್ತಿದ್ದರು. ನನಗೆ ಮಾನ ಹೋದಂತಾಯಿತು. ಹತ್ತಿರ ಹೋಗಿ, “ಅವ್ವಾ, ಮನಿಗೆ ನಡಿ, ಮಂದಿ ನೋಡಾಕತ್ತಾರ” ಎಂದೆ.

“ನೋಡ್ಲಿ. ನಿನ್ನ ಹಲಗಿ ಒಳಗ ಬರಬ್ಯಾಡ ಅಂತದ. ನಾ ಒಳಗೆಲ್ಲಿ ಬಂದೀನಿ?”

“ಮತ್ಯಾಕ ನಿಂತಿ?”

“ಕಲ್ಲವ್ವ ಇನ್ನಾ ಬಂದಿಲ್ಲ. ಬರ್ಲಿ. ನಾ ನಿಂತಿರ್ತೀನಿ.”

ಕಲ್ಲವ್ವ ಅವತ್ತು ಬರಲಿಲ್ಲ. ಹಗ್ಗದ ಸುದ್ದಿ ಕೇಳಿ ಭೋರ್‌ನ ಮಗಳ ಮನೆಗೆ ಹೊರಟುಹೋಗಿದ್ದಳು. ಅವ್ವ ಅಂಗಡಿಗಳ ಬಾಗಿಲು ಹಾಕುವ ತನಕ ನಿಂತಳು. ಹಗ್ಗದೊಳಗಿನ ಕಾಳನ್ನು ನನ್ನ ಆಳುಗಳು ಅವಳ ಕಣ್ಣ ಮುಂದೆಯೇ ಬಾಚಿದರು. ಮನೆಗೆ ಬಂದವಳು ಕಸಬರಿಗೆಯನ್ನು ಪಡಸಾಲೆಯ ಮೊಳೆಗೆ ತೂಗುಹಾಕಿದಳು. “ಇದನ್ನ ಯಾರೂ ತಗೀಬ್ಯಾಡ್ರಿ” ಎಂದಳು. ಐದು ವರ್ಷಕ್ಕೆ ತೀರಿಕೊಂಡಳು. ಆ ಐದು ವರ್ಷ ಅವಳು ನನ್ನ ಅಂಗಡಿಯ ಹೊಸ್ತಿಲು ದಾಟಲಿಲ್ಲ.

ನೀತಾ ನಾಲ್ಕನೇ ಇಯತ್ತೆಯಲ್ಲಿದ್ದಾಗ ಕೇಳಿದಳು, “ಅಪ್ಪಾ, ಎಲ್ಲಾರ ಮನ್ಯಾಗೂ ಫೋಟೋ ಇರ್ತಾವ, ನಮ್ಮ ಮನ್ಯಾಗ ಯಾಕ ಕಸಬರಗಿ ತೂಗಹಾಕೀರಿ?” ನಾನು ಏನು ಹೇಳಿದೆ? “ನಿಮ್ಮ ಅಜ್ಜಿ ಬಿದ್ದ ಕಾಳು ಗುಡಿಸಿ ನಮ್ಮನ್ನ ಸಾಕಿದಳವಾ. ಬಿದ್ದದ್ದು ಎತ್ತಿದವರದ್ದು. ಅದರಾಗ ಕಳುವು ಏನಿಲ್ಲ” ಎಂದೆ. ಕಾಯುವ ಕಟ್ಟಳೆ ಹೇಳಲಿಲ್ಲ. ಗೋಣಿ ಮುಚ್ಚಿದ ಗುಡ್ಡೆ ಹೇಳಲಿಲ್ಲ. ಅದನ್ನು ಹೇಳಿದರೆ ಹಗ್ಗದ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಒಂಬತ್ತು ವರ್ಷದ ಹುಡುಗಿ ಅಪ್ಪನ ಮಾತು ನಂಬಿದಳು, ಮೂವತ್ತನೇ ವಯಸ್ಸಿನಲ್ಲಿ ಅದನ್ನೇ ವಿಯೆನ್ನಾಕ್ಕೆ ಒಯ್ಯುತ್ತಿದ್ದಾಳೆ. ತಲೆ ತಗ್ಗಿಸಬೇಡ ಮಗಳೇ. ಆ ನಾಲ್ಕು ಸಾಲು ನಿನ್ನದಲ್ಲ, ನನ್ನದು.

ಸೋಮವಾರ ನಾನು ಭೋರ್‌ಗೆ ಹೋಗಿ ಕಲ್ಲವ್ವನ ಮುಂದೆ ಕೂತೆ. ಇಪ್ಪತ್ತೆಂಟು ವರ್ಷದ ಮೇಲೆ. ಕಾರ್ಯಕ್ರಮಕ್ಕೆ ಬರಬೇಕು, ಕಾರು ಕಳಿಸುತ್ತೇನೆ ಎಂದೆ. ಆಕೆ ನನ್ನ ಮುಖವನ್ನೂ ನೋಡದೆ, “ನಿನ್ನ ಗಾಡ್ಯಾಗ ನಾ ಬರಂಗಿಲ್ಲ ಶಿವರುದ್ರ. ಎಸ್.ಟಿ. ಅದ. ಬರೂದಿದ್ರ ಬರ್ತೀನಿ” ಎಂದರು. ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಬರದಿದ್ದರೆ ಅವರನ್ನು ದೂರುವ ಹಕ್ಕು ನನಗಿಲ್ಲ.

ನೀತಾ, ಈ ಸಭೆಯಲ್ಲೇ ನಿನ್ನನ್ನು ಕೇಳುತ್ತೇನೆ. ಮನೆಯಲ್ಲಿ ಕೇಳಿದ್ದರೆ ನನಗೆ ಬಾಯಿ ಬರುತ್ತಿರಲಿಲ್ಲ. ಒಂದೋ ನನ್ನ ಅವ್ವನ ಹೆಸರನ್ನು ಆ ಪ್ರಬಂಧದಿಂದ ತೆಗೆದುಹಾಕು, ಇಲ್ಲವೇ ಪೂರ್ತಿ ಬರೆ. ಐದೂ ಜನ ಬರುವ ತನಕ ನಿಲ್ಲುತ್ತಿದ್ದರು ಎಂದು ಬರೆ. ಬರಲಾರದವಳ ಪಾಲನ್ನು ಮನೆಗೆ ಮುಟ್ಟಿಸುತ್ತಿದ್ದರು ಎಂದು ಬರೆ. ಅದನ್ನು ಮುರಿದವನು ಸುರಕ್ಷತೆಯ ಹೆಸರಿನಲ್ಲಿ ಹಗ್ಗ ಕಟ್ಟಿದ ಎಂದು ಬರೆ, ಅವನ ಹೆಸರು ಶಿವರುದ್ರಪ್ಪ ಎಂದು ಬರೆ. ಕಂಪನಿಯವರು ನಿನ್ನನ್ನು ಕೆಲಸದಿಂದ ತೆಗೆಯಬಹುದು. ಅದು ನನಗೆ ಗೊತ್ತಿದ್ದೇ ಹೇಳುತ್ತಿದ್ದೇನೆ.

ಶೆಟ್ಟರು ಚೀಟಿ ಕಳಿಸಿದ್ದಾರೆ, “ಮುಗಿಸಿ ಮಾರಾಯ್ರೇ, ಊಟ ತಣ್ಣಗಾಗ್ತದೆ.” ಆಗಲಿ ಶೆಟ್ಟರೇ. ಒಂದೇ ಬಿನ್ನಹ. ಭೋರ್‌ನ ಕೊನೆಯ ಬಸ್ಸು ಸ್ವಾರಗೇಟ್ ನಿಲ್ದಾಣಕ್ಕೆ ಬರಲು ಇನ್ನೂ ಅರ್ಧ ತಾಸು ಇದೆ. ಅಲ್ಲಿಯ ತನಕ ಆ ಶಾಲು ಮಡಚಿಯೇ ಇರಲಿ, ಹಾರ ತಟ್ಟೆಯಲ್ಲೇ ಇರಲಿ. ಹಸಿದವರು ಊಟಕ್ಕೆ ಏಳಬಹುದು, ನನಗೆ ಬೇಸರವಿಲ್ಲ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ.

ಕಲ್ಲವ್ವ ಇನ್ನೂ ಬಂದಿಲ್ಲ. ಬರಲಿ. ನಾನು ಇಲ್ಲೇ ನಿಂತಿರುತ್ತೇನೆ.

ನಮಸ್ಕಾರ.