ಬಾಯಿ ಬಿಡದ ಅಳಿಯ

ಹಿಟ್ಟಿನ ಗಿರಣಿ ನಡೆಸುವ ಗಿರಣಿಯಮ್ಮ ಬಸ್ಸಿನಲ್ಲಿ ಮಗಳ ಮನೆಗೆ ಹೊರಟಿದ್ದರು. ಮುಂದಿನ ಸೀಟಿನಲ್ಲಿ, ಲಸಿಕೆ ಪ್ರಯೋಗಾಲಯದ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಇಬ್ಬರು ಹುಡುಗಿಯರು. ‘ಅಳಿಯ’ ಎಂಬ ಮಾತು ಬಿದ್ದದ್ದೇ ತಡ, ಗಿರಣಿಯಮ್ಮನ ಕಿವಿ ನೆಟ್ಟಗಾಯಿತು.

“ಅಳಿಯ ಒಳಗೆ ಹೋದ್ನಾ?”

“ಹೋಗೋದೇನೋ ಹೋದ. ಹೋಗಿ ಗಡದ್ದಾಗಿ ಕೂತ. ಕೆಲಸ ಮಾತ್ರ ಸೊನ್ನೆ.”

“ಬಾಯೇ ಬಿಡ್ಲಿಲ್ವಾ?”

“ಊಹೂಂ.”

“ಮಕ್ಕಳಾಗಲ್ಲ ತಾನೆ?”

“ಅದಕ್ಕೆ ಬೇಕಾದ್ದನ್ನ ನಾವೇ ಕತ್ತರಿಸಿ ತೆಗ್ದಿದೀವಲ್ಲೇ!”

ಗಿರಣಿಯಮ್ಮ ಮಡಿಲಿನ ಚೀಲವನ್ನು ಗಟ್ಟಿಯಾಗಿ ಅವಚಿಕೊಂಡರು.

“ಮತ್ತೆ ನಾವು ಕೊಟ್ಟು ಕಳ್ಸಿದ ಜೀನು?”

“ಹಿಂದುಮುಂದಾಗಿ ಅಂಟಿಸಿಬಿಟ್ಟಿದೀನಿ ಕಣೆ. ಜೀವಕೋಶ ಅದನ್ನ ಓದೋದಾದ್ರೂ ಹೇಗೆ? ಒಂದು ಚೂರೂ ಪ್ರೋಟೀನು ಬಂದಿಲ್ಲ. ಇವತ್ತು ಮೇಡಮ್ಮಿಗೆ ಹೇಳ್ಲೇಬೇಕು.”

“ನಿನ್ನ ಗ್ರಹಚಾರ ಬಿಡಿಸ್ತಾರೆ ಬಿಡು.”

ಅವರು ಇಳಿಯುವ ಸ್ಟಾಪ್ ಬಂತು. ಏಳುವಾಗ ಒಬ್ಬಳಿಗೆ ಗಿರಣಿಯಮ್ಮನ ತೆರೆದ ಬಾಯಿ ಕಂಡಿತು.

“ಅಯ್ಯೋ, ತಪ್ಪು ತಿಳ್ಕೋಬೇಡಿ ಅಮ್ಮಾ! ಅಳಿಯ ಅಂದ್ರೆ ವೈರಸ್ಸು. ಮರಿ ಹಾಕದ ಹಾಗೆ ಮಾಡಿ, ಲಸಿಕೆಯ ಜೀನನ್ನ ಜೀವಕೋಶದೊಳಗೆ ಹೊತ್ಕೊಂಡು ಹೋಗೋಕೆ ಇಟ್ಕೊಂಡಿರೋದು.”

“ಹಾಗಾ!” ಗಿರಣಿಯಮ್ಮ ಅವರಿಗೆ ದಾರಿ ಬಿಟ್ಟರು. “ನಮ್ಮನೇಲಿ ಹಿಂದುಮುಂದು ಕಣಮ್ಮಾ. ವೈರಸ್ಸು ಅಂದ್ರೆ ಅಳಿಯ.”