ಮುಂದಿನ ಬ್ರೇಕಿನ ನಟ್ಟು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ನನ್ನ ಎಡಬಲಕ್ಕೆ ಕುಳಿತಿರುವ ಗಣ್ಯರೇ, ದಿನನಿತ್ಯದ ಸೈಕಲ್ ಸವಾರರ ಸಂಘದ ಸದಸ್ಯರೇ, ಸದಸ್ಯರಾಗದಿದ್ದರೂ ಬೇಗ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಸಭಿಕರೇ, ನಿಮ್ಮೆಲ್ಲರಿಗೂ ಒಬ್ಬ ಸೈಕಲ್ ರಿಪೇರಿಯವನ ವಂದನೆಗಳು.

ಈ ಫಲಕದ ಮೇಲೆ ಏನು ಕೆತ್ತಿಸಿದ್ದೀರಿ ಎಂದು ಕಾರ್ಯದರ್ಶಿಗಳು ಈಗಷ್ಟೇ ಗಟ್ಟಿಯಾಗಿ ಓದಿದರು. ‘ಮೂವತ್ತೊಂದು ವರ್ಷಗಳಲ್ಲಿ ಇವರ ಕೈಯಿಂದ ಹೊರಟ ಒಂದು ಸೈಕಲ್ಲೂ ಯಾರನ್ನೂ ಬೀಳಿಸಿಲ್ಲ.’ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ಎತ್ತಲೋ ನೋಡುತ್ತಾ ಎರಡು ಸಲ ತಟ್ಟಿಬಿಟ್ಟೆ. ಸನ್ಮಾನ ಮಾಡಿಸಿಕೊಳ್ಳುವವನೇ ಚಪ್ಪಾಳೆ ತಟ್ಟಬಾರದು ಎಂದು ಆಮೇಲೆ ನೆನಪಾಯಿತು. ಮನಸ್ಸು ಇಲ್ಲಿರಲಿಲ್ಲ, ಕ್ಷಮಿಸಿ. ಹಿಂದೆ ಕುಳಿತವರು ಆ ಬಾಗಿಲನ್ನು ಮಾತ್ರ ಮುಚ್ಚಬೇಡಿ. ತೆರೆದೇ ಇರಲಿ.

ನನಗೆ ಕೊಟ್ಟಿರುವ ವಿಷಯ, ದಿನಬಳಕೆಯ ಸೈಕಲ್ಲಿಗೆ ಬಿಡಿಭಾಗಗಳು, ಜೋಡಣೆಯ ಸಾಮಾನು ಮತ್ತು ಸವಾರರ ಉಡುಪು. ಅಂಗಡಿಯಲ್ಲಿ ಇದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತೇನೆ, ಕೇಳುವವರಿಲ್ಲ. ಇಲ್ಲಿ ನೀವು ಎದ್ದು ಹೋಗುವಂತಿಲ್ಲ. ಕಾಫಿ ಭಾಷಣದ ಆಮೇಲೆ.

ಬೀದಿಯವರು ನನ್ನನ್ನು ‘ಇನ್ನೊಂದ್ಸುತ್ತು’ ಎಂದು ಕರೆಯುವುದು ನಿಮಗೆ ಗೊತ್ತಿದೆ. ಯಾವ ನಟ್ಟನ್ನು ಬಿಗಿ ಮಾಡಿದರೂ ‘ಇನ್ನೊಂದ್ಸುತ್ತು ಇರ್ಲಿ’ ಎನ್ನುವುದು ನನ್ನ ಅಭ್ಯಾಸ. ನೀವು ಇದನ್ನು ಶ್ರದ್ಧೆ ಎಂದುಕೊಂಡಿದ್ದೀರಿ. ನನ್ನ ಹೆಂಡತಿಗೆ ಸತ್ಯ ಗೊತ್ತು. ‘ನಿಮ್ದು ಕಸುಬಲ್ಲ ರೀ, ಪುಕ್ಕಲುತನ’ ಎನ್ನುತ್ತಾಳೆ. ನಿಜವೇ. ಒಂದೊಂದು ಸೈಕಲ್ ಅಂಗಡಿಯ ಮೆಟ್ಟಿಲು ಇಳಿದು ಹೋಗುವಾಗಲೂ ಅದು ಬೀದಿಯ ತಿರುವು ದಾಟುವವರೆಗೆ ಹೆದರಿಕೊಂಡೇ ನಿಂತು ನೋಡುತ್ತೇನೆ. ಎಷ್ಟೋ ವರ್ಷದಿಂದ ಹೀಗೇ. ಭಯ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ.

ಇರಲಿ. ಮೊದಲು ಟಯರು. ದಾರದಂಥ ಟಯರು ಬೇಕು ಎಂದು ಕೇಳುವವರಿದ್ದಾರೆ. ಹಗುರ, ಚೆನ್ನಾಗಿ ಓಡುತ್ತದೆ, ಒಪ್ಪುತ್ತೇನೆ. ಚರಂಡಿಯ ಜಾಲರಿಯೊಳಗೂ ಅಷ್ಟೇ ಚೆನ್ನಾಗಿ ಇಳಿಯುತ್ತದೆ. ನೀವು ಪಂದ್ಯಕ್ಕೆ ಹೋಗುತ್ತೀರೋ, ಆಫೀಸಿಗೆ ಹೋಗುತ್ತೀರೋ? ಆಫೀಸಿಗಾದರೆ ಅಗಲವಾದ ಟಯರು ಹಾಕಿಸಿ, ವಾರಕ್ಕೊಮ್ಮೆ ಗಾಳಿ ನೋಡಿ. ಚೈನಿಗೆ ಪೂರ್ತಿ ಕವರ್ ಇರಲಿ. ದೀಪವನ್ನು ದಾರಿ ಕಾಣಲು ಎಂದು ಕೊಳ್ಳಬೇಡಿ, ನೀವು ಕಾಣಲು ಎಂದು ಕೊಳ್ಳಿ. ಮಡ್‌ಗಾರ್ಡ್ ಚಕ್ರದ ಉದ್ದಕ್ಕೂ ಇರಬೇಕು, ಅದನ್ನು ಹಿಡಿದಿರುವ ಕಡ್ಡಿಯ ಬೋಲ್ಟನ್ನು ತಿಂಗಳಿಗೊಮ್ಮೆ ನೋಡಬೇಕು. ಅದು ಬಿದ್ದುಹೋದರೆ ಕಡ್ಡಿ ಮುಂದಿನ ಚಕ್ರಕ್ಕೆ ಸಿಕ್ಕಿಕೊಂಡು ಚಕ್ರ ನಿಂತೇ ಹೋಗುತ್ತದೆ. ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ... ಅದು ಬೇಡ. ಅದು ಬೇರೆ ವಿಷಯ.

ಉಡುಪಿಗೆ ಬರೋಣ. ಪ್ಯಾಂಟಿನ ಬಲಗಾಲಿನ ಅಂಚಿಗೆ ಒಂದು ಪಟ್ಟಿ ಕಟ್ಟಿ. ಉದ್ದ ಲಂಗ ಹಾಕುವವರು ಹಿಂದಿನ ಚಕ್ರಕ್ಕೆ ಬಲೆ ಹಾಕಿಸಿ. ಸ್ಕಾರ್ಫಿನ ತುದಿಯನ್ನು ಒಳಗೆ ಸಿಕ್ಕಿಸಿ. ಶೂ ಲೇಸನ್ನು ಗಂಟು ಹಾಕಿದ ಮೇಲೆ ಉಳಿದ ಬಾಲವನ್ನೂ ಒಳಗೆ ತೂರಿಸಿ. ತಲೆಗೆ ಹೆಲ್ಮೆಟ್ ಇರಲಿ. ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹೋಗುವವರು ಈ ಸಭೆಯಲ್ಲೂ ಇದ್ದೀರಿ. ನಿಮ್ಮ ಹ್ಯಾಂಡಲ್ಲಿಗೆ ಪೆಟ್ಟಾಗದಿರಲಿ ಎಂದು ಹಾರೈಸುತ್ತೇನೆ. ಕಪ್ಪು ಕೋಟು ಚೆನ್ನಾಗಿ ಕಾಣುತ್ತದೆ ಎನ್ನುತ್ತೀರಿ. ಯಾರಿಗೆ ಕಾಣುತ್ತದೆ ಸ್ವಾಮಿ? ಲಾರಿಯವನಿಗೆ ಕಾಣುವುದೇ ಇಲ್ಲ. ರೇನ್‌ಕೋಟಿನ ಟೋಪಿ ಕಿವಿ ಮುಚ್ಚಬಾರದು. ಹಿಂದೆ ಬರುವ ಬಸ್ಸನ್ನು ಮೊದಲು ಕಿವಿಯೇ ನೋಡುವುದು.

ಯಾರು ಬಂದದ್ದು? ನೀವಾ? ಬನ್ನಿ, ಕೂತುಕೊಳ್ಳಿ. ಬೇರೆಯವರು ಎಂದುಕೊಂಡೆ.

ಈಗ ಮುಖ್ಯ ವಿಷಯ, ಮಕ್ಕಳ ಸೀಟು. ಈ ಎರಡು ವರ್ಷದಲ್ಲಿ ಬಹಳ ಜನ ಕೇಳುತ್ತಿದ್ದಾರೆ, ನಾನು ಬಹಳ ಜನಕ್ಕೆ ಆಗುವುದಿಲ್ಲ ಎಂದು ಹೇಳಿದ್ದೇನೆ. ಕ್ಯಾರಿಯರಿನ ಮೇಲೆ ದಿಂಬು ಕಟ್ಟಿ ಮಗುವನ್ನು ಕೂರಿಸುವುದಲ್ಲ. ಬೆನ್ನಿಗೆ ಆಸರೆ ಬೇಕು, ಎದೆಗೆ ಬೆಲ್ಟು ಬೇಕು, ಕಾಲು ಚಕ್ರಕ್ಕೆ ಹೋಗದಂತೆ ಎರಡೂ ಕಡೆ ತಡೆ ಬೇಕು. ಮತ್ತು ಬ್ರೇಕು. ಹಿಂದೆ ಮಗು ಕೂತರೆ ಸೈಕಲ್ಲಿನ ತೂಕವೇ ಬೇರೆ. ಹಳೆಯ ಬ್ರೇಕ್ ತಂತಿ ಸಾಲದು. ಅದಕ್ಕೇ ನಮ್ಮ ನರ್ಸಮ್ಮನವರ ಸೈಕಲ್ಲಿಗೆ ಇವತ್ತು ಮಧ್ಯಾಹ್ನ ಸೀಟಿನ ಜೊತೆಗೆ ಮುಂದಿನ ಬ್ರೇಕಿಗೆ ಹೊಸ ತಂತಿ ಹಾಕಿದೆ.

ನರ್ಸಮ್ಮ ನಿಮಗೆಲ್ಲ ಗೊತ್ತು. ಮನೆಮನೆಗೆ ಹೋಗಿ ಬಾಣಂತಿಯರನ್ನು, ಹಾಸಿಗೆ ಹಿಡಿದವರನ್ನು ನೋಡುವವರು. ಹದಿನೈದು ವರ್ಷದಿಂದ ನನ್ನ ಗಿರಾಕಿ. ಮಗಳಿಗೆ ಕೆಲಸದ ಪಾಳಿ ಬದಲಾದ್ದರಿಂದ ನಾಲ್ಕು ವರ್ಷದ ಮೊಮ್ಮಗಳನ್ನು ಇವರೇ ಕರೆದುಕೊಂಡು ಓಡಾಡಬೇಕಾಗಿದೆ. ಹೋದ ವಾರ ಬಂದು ಹೇಳಿದರು: ‘ನೋಡಿ ಅಣ್ಣ, ನಂಗೆ ಧೈರ್ಯ ಇಲ್ಲ. ನೀವು ಹೂಂ ಅಂದ್ರೆ ಕೂರಿಸ್ತೀನಿ. ಇಲ್ಲಾಂದ್ರೆ ಇಲ್ಲ.’ ನಾನು ಒಂದು ವಾರ ಯೋಚಿಸಿ ಹೂಂ ಎಂದೆ. ಇವತ್ತು ಮೊದಲ ದಿನ. ಮೊಮ್ಮಗಳನ್ನು ಕೂರಿಸಿಕೊಂಡು ಈ ಸಭೆಗೇ ಬರುವುದಾಗಿ ಹೇಳಿದ್ದಾರೆ. ಮೂರನೇ ಸಾಲಿನಲ್ಲಿ ಅವರಿಗೆ ಎರಡು ಜಾಗ ಹಿಡಿಸಿಟ್ಟಿದ್ದೇನೆ.

ಆ ಸೀಟಿನ ನಾಲ್ಕು ಬೋಲ್ಟುಗಳನ್ನು ಐದೈದು ಸಲ ಬಿಗಿ ಮಾಡಿದ್ದೇನೆ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಆಮೇಲೆ ತಂತಿ ಎಳೆದೆ. ತಂತಿಯ ತುದಿಯನ್ನು ಬ್ರೇಕಿನಲ್ಲಿ ಕಚ್ಚಿ ಹಿಡಿಯುವ ಒಂದು ಸಣ್ಣ ನಟ್ಟು ಇದೆ, ಕಿರುಬೆರಳಿನ ಉಗುರಿನಷ್ಟು. ಅದನ್ನು ಬೆರಳಿನಲ್ಲಿ ತಿರುಗಿಸಿ ಕೂರಿಸಿದೆ. ಸ್ಪ್ಯಾನರ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಸಂಘದ ಕಾರು ಬಂದು ಹಾರ್ನ್ ಹೊಡೆಯಿತು. ಕಾರ್ಯದರ್ಶಿಗಳು ಇಳಿದು ಬಂದು, ‘ಇನ್ನೂ ಇಲ್ಲೇ ಕೂತಿದೀರಾ? ಅಧ್ಯಕ್ಷರು ಬಂದಾಯ್ತು, ಏಳಿ, ಕೈ ತೊಳ್ಕೊಳ್ಳಿ’ ಎಂದರು. ಆಮೇಲೆ ನನಗೆ ನೆನಪಿರುವುದು ಸೋಪು. ಸೋಪು ಹಚ್ಚಿ ಕೈ ತೊಳೆದದ್ದು ಚೆನ್ನಾಗಿ ನೆನಪಿದೆ. ಹಾರ್ನಿಗೂ ಸೋಪಿಗೂ ನಡುವೆ ಏನಾಯಿತು? ನಟ್ಟನ್ನು ಬಿಗಿ ಮಾಡಿದೆನೇ? ಮಾಡಿರಬೇಕು. ಮಾಡದೆ ಏಳುವವನೇ ನಾನು? ಕಾರಿನಲ್ಲಿ ಕೂತಾಗಿನಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ನೀವು ಗಾಬರಿಯಾಗಬೇಡಿ. ನಮ್ಮ ಅಂಗಡಿಯಲ್ಲಿ ಇದಕ್ಕೊಂದು ನಿಯಮವಿದೆ. ಅರ್ಧ ಕೆಲಸದಲ್ಲಿ ಏಳಬೇಕಾಗಿ ಬಂದರೆ ಹ್ಯಾಂಡಲ್ಲಿಗೆ ಕೆಂಪು ಬಟ್ಟೆ ಕಟ್ಟಿ ಏಳುತ್ತೇನೆ. ಬಟ್ಟೆ ಇರುವ ಸೈಕಲ್ಲನ್ನು ನನ್ನ ಹೆಂಡತಿ ಯಾರು ಬಂದು ಕೇಳಿದರೂ ಕೊಡುವುದಿಲ್ಲ. ಬಟ್ಟೆ ಇಲ್ಲದಿದ್ದರೆ ಕೊಟ್ಟುಬಿಡುತ್ತಾಳೆ. ನಟ್ಟು ಬಿಗಿಯಾಗಿರದಿದ್ದರೆ ಬಟ್ಟೆ ಕಟ್ಟಿರುತ್ತೇನೆ. ಖಂಡಿತ ಕಟ್ಟಿರುತ್ತೇನೆ. ಸ್ವಲ್ಪ ತಾಳಿ, ಬೆವರು ಕಣ್ಣಿಗೆ ಇಳಿಯುತ್ತಿದೆ, ಕರವಸ್ತ್ರ...

ಇದು ಕರವಸ್ತ್ರವಲ್ಲ.

ಕಾರ್ಯದರ್ಶಿಗಳೇ, ಇಲ್ಲಿ ಬನ್ನಿ. ಕೆಂಪು ಬಟ್ಟೆ ನನ್ನ ಜೇಬಿನಲ್ಲಿದೆ. ಕೈ ಒರೆಸಿಕೊಂಡು ಜೇಬಿಗೆ ತುರುಕಿಕೊಂಡು ಬಂದುಬಿಟ್ಟಿದ್ದೇನೆ. ನಮ್ಮ ಮನೆಗೆ ಫೋನ್ ಮಾಡಿ, ನರ್ಸಮ್ಮನ ಸೈಕಲ್ ಕೊಡಬೇಡ ಅನ್ನಿ. ಈಗಲೇ ಮಾಡಿ, ಇಲ್ಲೇ ಮಾಡಿ.

ಏನಂದಳು? ನಾಲ್ಕೂಮುಕ್ಕಾಲಿಗೇ ಕೊಟ್ಟಳೇ? ಈಗ ಐದು ಗಂಟೆ. ನರ್ಸಮ್ಮನಿಗೆ ಮಾಡಿ. ಎತ್ತುತ್ತಿಲ್ಲವೇ? ಎತ್ತುವುದಿಲ್ಲ. ಸೈಕಲ್ ಮೇಲಿದ್ದಾಗ ಫೋನ್ ಎತ್ತಬೇಡಿ ಎಂದು ಹೇಳಿಕೊಟ್ಟವನು ನಾನೇ. ನೀವು ಮೋಟಾರ್ ಬೈಕಿನಲ್ಲಿ ಹೊರಡಿ. ಆಸ್ಪತ್ರೆಯ ಇಳಿಜಾರಿನಲ್ಲಿ ನೋಡಿ. ಸಿಕ್ಕಿದರೆ ಇಳಿಸಿಬಿಡಿ, ನಡೆದುಕೊಂಡು ಬರಲಿ. ಹೋಗಿ.

ಅಧ್ಯಕ್ಷರು ಕುಳಿತುಕೊಳ್ಳಿ ಎನ್ನುತ್ತಿದ್ದಾರೆ. ನನ್ನಿಂದ ಆಗುವುದಿಲ್ಲ ಸಾರ್. ನಾನು ಓಡಿದರೂ ಮೋಟಾರ್ ಬೈಕಿನಷ್ಟು ಬೇಗ ಹೋಗಲಾರೆ. ಸುಮ್ಮನಿದ್ದರೆ ಹೊರಗಿನ ಒಂದೊಂದು ಹಾರ್ನೂ ಕೇಳಿಸುತ್ತದೆ. ಮಾತಾಡುತ್ತಿರುತ್ತೇನೆ, ಬಿಡಿ.

ಆ ನಟ್ಟಿನ ಗುಣ ಹೇಳುತ್ತೇನೆ. ಬೆರಳಿನಲ್ಲಷ್ಟೇ ಕೂರಿಸಿದ ನಟ್ಟು ನಿಮಗೆ ಮೋಸ ಮಾಡುತ್ತದೆ. ಹೊರಡುವ ಮುಂಚೆ ಬ್ರೇಕ್ ಒತ್ತಿ ನೋಡಿದರೆ ಚೆನ್ನಾಗಿಯೇ ಹಿಡಿಯುತ್ತದೆ. ತಿರುವಿನಲ್ಲಿ ಮೆಲ್ಲಗೆ ಒತ್ತಿದರೂ ಹಿಡಿಯುತ್ತದೆ. ಎದುರಿಗೆ ಬಸ್ಸು ಬಂದಾಗ, ಜೀವ ಬಾಯಿಗೆ ಬಂದು, ಇದ್ದ ಬಲವನ್ನೆಲ್ಲ ಹಾಕಿ ಒತ್ತುತ್ತೀರಲ್ಲ, ಆಗ ತಂತಿ ಜಾರುತ್ತದೆ. ಅಲ್ಲಿಯವರೆಗೆ ಏನೂ ಗೊತ್ತಾಗುವುದಿಲ್ಲ. ಇಳಿಜಾರಿನ ಕೆಳಗೆ ಬಸ್ಸುಗಳು ತಿರುಗುವ ಜಾಗ ನಿಮಗೆ ಗೊತ್ತಲ್ಲ? ಸೀಟಿನ ನಾಲ್ಕು ಬೋಲ್ಟನ್ನು ಐದೈದು ಸಲ ಬಿಗಿ ಮಾಡಿದೆನಲ್ಲ, ನನ್ನ ಭಯವೆಲ್ಲ ಆ ಬೋಲ್ಟುಗಳಿಗೇ ಖರ್ಚಾಗಿಹೋಯಿತೇ?

ನನ್ನ ಮೂವತ್ತೊಂದು ವರ್ಷದಲ್ಲಿ ಇಂಥದ್ದು... ಯಾರಾದರೂ ಬಾಗಿಲ ಹತ್ತಿರ ನಿಂತು ನೋಡುತ್ತಿರಿ.

ಏನು? ಬಂದರೇ? ನರ್ಸಮ್ಮ ಬಂದರೇ? ಮಗು?

ಅಯ್ಯೋ, ಸದ್ಯ. ಕಾರ್ಯದರ್ಶಿಗಳಿಗೆ ಗೇಟಿನಲ್ಲೇ ಸಿಕ್ಕಿದರಂತೆ. ಸೈಕಲ್ ಮೇಲೇ ಬಂದಿದ್ದಾರೆ. ಇಳಿಜಾರಿನಲ್ಲಿ ಮೊಮ್ಮಗಳು ‘ಅಜ್ಜಿ, ಇನ್ನೂ ಜೋರಾಗಿ’ ಎಂದು ಕೂಗುತ್ತಿದ್ದಳಂತೆ. ಮಗುವಿಗೆ ಬಾಯಾರಿಕೆ ಎಂದು ಹೊರಗಿನ ನಲ್ಲಿಯ ಹತ್ತಿರ ನಿಂತಿದ್ದಾರಂತೆ.

ತಾಳಿ, ಚಪ್ಪಾಳೆ ಬೇಡ. ಚಪ್ಪಾಳೆ ನಿಲ್ಲಿಸಿ. ಕಾರ್ಯದರ್ಶಿಗಳೇ, ಬ್ರೇಕ್ ನೋಡಿದಿರಾ? ಇಲ್ಲವೇ? ಇನ್ನೊಂದು ಸಲ ಹೋಗಿ. ಮುಂದಿನ ಬ್ರೇಕನ್ನು ಎರಡೂ ಕೈಯಿಂದ, ಬಲವಾಗಿ, ಬಸ್ಸು ಬಂತು ಎಂದುಕೊಂಡು ಒತ್ತಿ. ಬಂದು ನನಗೆ ಹೇಳಿ.

ಒಂದು ನಿಮಿಷ. ನಾನೇ ಸುಮ್ಮನೆ ಹೆದರಿದ್ದರೂ ಹೆದರಿರಬಹುದು. ಹಾಗೇ ಆಗಲಿ. ನೀವೆಲ್ಲ ನನ್ನನ್ನು ನೋಡಿ ನಕ್ಕುಬಿಡಿ, ಸಂತೋಷ.

...ಸರಿ. ಕೇಳಿಸಿತು, ಕಾರ್ಯದರ್ಶಿಗಳೇ. ಕುಳಿತುಕೊಳ್ಳಿ.

ಸಭಿಕರೇ, ಬ್ರೇಕಿನ ಹಿಡಿ ಹೋಗಿ ಹ್ಯಾಂಡಲ್ಲಿಗೆ ತಾಗಿತಂತೆ. ತಂತಿ ಜಾರಿ ಬಂದುಬಿಟ್ಟಿತಂತೆ. ನಾನು ನಟ್ಟು ಬಿಗಿ ಮಾಡಿರಲಿಲ್ಲ. ಅಷ್ಟು ದೊಡ್ಡ ಇಳಿಜಾರನ್ನು ನರ್ಸಮ್ಮ ಹಿಂದಿನ ಬ್ರೇಕಿನ ಮೇಲೆ ಇಳಿದು ಬಂದಿದ್ದಾರೆ. ದಾರಿಗೆ ಅಡ್ಡ ಯಾರೂ ಬರಲಿಲ್ಲ, ಅಷ್ಟೇ. ಅವರಿಗೆ ಇದು ಗೊತ್ತೇ ಇಲ್ಲ.

ಅಧ್ಯಕ್ಷರು ನನ್ನ ಕಿವಿಯಲ್ಲಿ ಹೇಳುತ್ತಿದ್ದಾರೆ: ‘ಏನೂ ಆಗ್ಲಿಲ್ವಲ್ಲ. ಈಗ ಹೇಳಿ ಆಯಮ್ಮನ್ನ ಯಾಕೆ ಗಾಬರಿ ಮಾಡ್ತೀರಿ? ಹೊರಗೆ ಹೋಗಿ ಬಿಗಿ ಮಾಡ್ಬಿಡಿ.’ ಮುಂದಿನ ಸಾಲಿನಲ್ಲಿ ಇಬ್ಬರು ಹೌದು ಎಂದು ತಲೆಯಾಡಿಸುತ್ತಿದ್ದೀರಿ. ನಿಮ್ಮದು ಒಳ್ಳೆಯ ಮನಸ್ಸು. ಅರ್ಧ ನಿಮಿಷದ ಕೆಲಸ. ನನಗೂ ಅದೇ ಆಸೆಯಾಗುತ್ತಿದೆ, ನಿಮಗಿಂತ ಹೆಚ್ಚು.

ಒಂದು ಸಲ ಹಾಗೆ ಮಾಡಿದ್ದೇನೆ. ಈ ಭಾಷಣದಲ್ಲೇ ಮಡ್‌ಗಾರ್ಡಿನ ಮಾತು ಬಂದಾಗ ಅದು ಬಾಯಿಗೆ ಬಂದಿತ್ತು, ನುಂಗಿದೆ. ಹತ್ತೊಂಬತ್ತು ವರ್ಷದ ಹಿಂದೆ ಡ್ರಾಯಿಂಗ್ ಮೇಷ್ಟ್ರು ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ‘ನಾಯಿ ಅಡ್ಡ ಬಂದಿರ್ಬೇಕು ಕಣಯ್ಯಾ, ಸರಿಯಾಗಿ ನೋಡ್ಲಿಲ್ಲ’ ಎಂದರು. ಸೈಕಲ್ಲನ್ನು ನನ್ನ ಅಂಗಡಿಗೇ ತಂದರು. ನೋಡಿದರೆ ಮಡ್‌ಗಾರ್ಡಿನ ಕಡ್ಡಿಯ ಬೋಲ್ಟ್ ಇರಲಿಲ್ಲ. ನಾಲ್ಕು ದಿನದ ಹಿಂದೆ ಆ ಮಡ್‌ಗಾರ್ಡ್ ಹಾಕಿದವನು ನಾನು. ಅವರು ಆ ಕಡೆ ತಿರುಗಿದ್ದಾಗ ಹೊಸ ಬೋಲ್ಟ್ ಹಾಕಿಬಿಟ್ಟೆ. ಆ ಮೇಷ್ಟ್ರು ಕರಿಹಲಗೆಯ ಮೇಲೆ ಒಂದೇ ಬೀಸಿಗೆ ದುಂಡನೆಯ ವೃತ್ತ ಬರೆಯುತ್ತಿದ್ದರು, ಇಲ್ಲಿ ಎಷ್ಟೋ ಜನ ಅವರ ಕೈಯಲ್ಲಿ ಕಲಿತಿದ್ದೀರಿ. ಆಮೇಲೆ ಬರೆಯಲಿಲ್ಲ. ನಿವೃತ್ತರಾಗಿ ಊರು ಬಿಡುವಾಗ ಅಂಗಡಿಗೆ ಬಂದು, ‘ನಿನ್ನಷ್ಟು ಜಾಗ್ರತೆ ಇರೋನನ್ನ ನಾನು ನೋಡಿಲ್ಲ’ ಎಂದು ಹೇಳಿ ಹೋದರು. ‘ಇನ್ನೊಂದ್ಸುತ್ತು’ ಶುರುವಾದದ್ದು ಆ ಬೋಲ್ಟ್ ಹಾಕಿದ ದಿನದಿಂದ. ಫಲಕದ ಮೇಲಿನ ಮಾತು ಸುಳ್ಳು. ಅದನ್ನು ಬರೆಸಿದ ನಿಮ್ಮ ತಪ್ಪಲ್ಲ.

ಬಾಗಿಲಿಗೆ ನರ್ಸಮ್ಮ ಬಂದರು. ಯಾರೂ ತಿರುಗಿ ನೋಡಬೇಡಿ, ಅವರಿಗೆ ಗಾಬರಿಯಾಗುತ್ತದೆ. ನಾನೇ ಹೇಳುತ್ತೇನೆ.

ನರ್ಸಮ್ಮ, ಬನ್ನಿ. ಮಗೂನ ಕೆಳಗಿಳಿಸ್ಬೇಡಿ, ಎತ್ಕೊಂಡೇ ಕೇಳಿ. ನಿಮ್ಮ ಸೈಕಲ್ಲಿನ ಮುಂದಿನ ಬ್ರೇಕ್ ನಾನು ಬಿಗಿ ಮಾಡಿರ್ಲಿಲ್ಲ. ಮರ್ತು ಎದ್ದು ಬಂದ್ಬಿಟ್ಟೆ. ನೀವು ಬಂದಿದ್ದು ಆ ಬ್ರೇಕ್ ಇಲ್ಲದ ಸೈಕಲ್ಲಲ್ಲಿ. ನಾನು ಹೂಂ ಅಂದಿದ್ದಕ್ಕೆ ನೀವು ಮಗೂನ ಕೂರಿಸಿದ್ರಿ. ನೀವು ಹಂಗೆ ನೋಡ್ಬೇಡಿ ಅಮ್ಮಾ. ನೋಡಿ, ಪರವಾಗಿಲ್ಲ, ನೋಡಿ. ಬಯ್ಯಬೇಕು ಅನ್ಸಿದ್ರೆ ಇಲ್ಲೇ ಬಯ್ಯಿರಿ, ಎಲ್ಲರೂ ಕೇಳ್ಲಿ.

ಅಧ್ಯಕ್ಷರೇ, ಗಣ್ಯರೇ, ಸಭಿಕರೇ, ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡಿದ್ದಕ್ಕೆ ನಿಮಗೆ ನಾನು ಋಣಿ. ಈ ಭವನದ ಹೊರಗೆ ನಿಂತಿರುವ ಸೈಕಲ್ಲುಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದ ಬಂದವು. ಯಾವುದನ್ನು ಬಿಗಿ ಮಾಡಿದ್ದೇನೆ, ಯಾವುದನ್ನು ಬಿಟ್ಟಿದ್ದೇನೆ, ಇವತ್ತು ನನಗೆ ಹೇಳಲಾಗುವುದಿಲ್ಲ. ನಾನು ಹೊರಗೆ ನೆಲದ ಮೇಲೆ ಕೂತಿರುತ್ತೇನೆ. ಒಂದೊಂದಾಗಿ ತನ್ನಿ. ಅಲ್ಲಿಯವರೆಗೆ ದಯವಿಟ್ಟು ಯಾರೂ ಸೈಕಲ್ ಹತ್ತಬೇಡಿ. ನಮಸ್ಕಾರ.